ಅಜ್ಜನ ಹೆಸರಿನ ಸೇತುವೆ

"ಸಾವಕ್ಕ, ನಿಮ್ಮ ಆಯೀನ್ನ ಕೇಳಿದ್ಯೇನವಾ?"

ಹಾಜರಿ ಕರೆಯುತ್ತಿದ್ದ ಬಾಳಕೃಷ್ಣ ಮಾಸ್ತರರು ನಡುವೆಯೇ ನಿಲ್ಲಿಸಿ ಕೇಳಿದರು. ಸಾವಕ್ಕ ಎದ್ದು ನಿಂತಳು. ನಾಲ್ಕನೇ ಇಯತ್ತೆಯ ಮಕ್ಕಳೆಲ್ಲ ತಿರುಗಿ ಅವಳನ್ನೇ ನೋಡಿದರು.

ಕೇಳಿರಲಿಲ್ಲ. ಹಿಂದಿನ ದಿನ ಆಯಿ ಪೇಟೆಯಲ್ಲಿ ಹುಲ್ಲು ಮಾರಿ ಮನೆಗೆ ಬರುವಷ್ಟರಲ್ಲಿ ಸಾವಕ್ಕನಿಗೆ ನಿದ್ದೆ ಹತ್ತಿಬಿಟ್ಟಿತ್ತು.

"ಇಲ್ರಿ ಸರ. ಇವತ್ತ ಕೇಳ್ತೇನ್ರಿ," ಎಂದಳು.

"ನಾಳೆ ಸಂಜಿಗೆ ಕಮಿಟಿ ಮೀಟಿಂಗ್ ಅದ. ಮನಿಯವರು ಹೂಂ ಅನ್ನಲಿಲ್ಲಂದ್ರ ಹೆಸರು ಇಡ್ಲಿಕ್ಕೆ ಬರೂದಿಲ್ಲ. ಮರೀಬ್ಯಾಡ."

ವಿಷಯ ಇಷ್ಟು. ಧಾರವಾಡದ ಪೇಟೆಗೂ ಕೆಲಗೇರಿಗೂ ನಡುವೆ ಒಂದು ಹಳ್ಳವಿತ್ತು. ಆ ಹಳ್ಳಕ್ಕೆ ಹೊಸದಾಗಿ ಸೇತುವೆ ಕಟ್ಟಿದ್ದರು. ಪುಸ್ತಕದ ಮಾತಿನಲ್ಲಿ ಅದು ಸೇತುವೆ. ಮಕ್ಕಳ ಬಾಯಲ್ಲಿ ಬ್ರಿಜ್. ಸಾವಕ್ಕನ ಅಜ್ಜಿ ಶೇವಂತೆವ್ವನ ಬಾಯಲ್ಲಿ ಪೂಲು. ಈ ಅಜ್ಜಿಯನ್ನೇ ಸಾವಕ್ಕ ಆಯಿ ಎಂದು ಕರೆಯುತ್ತಿದ್ದಳು.

ಕೆಲವೇ ತಿಂಗಳ ಹಿಂದೆ ದೇಶದ ಗಡಿಯಲ್ಲಿ ಯುದ್ಧ ನಡೆದಿತ್ತು. ಊರಿನ ಮಂದಿಗೆ ಸೈನಿಕರೆಂದರೆ ಎಲ್ಲಿಲ್ಲದ ಅಭಿಮಾನ ಬಂದಿತ್ತು. ಹೊಸ ಸೇತುವೆಗೆ ಒಬ್ಬ ಸೈನಿಕನ ಹೆಸರೇ ಇಡಬೇಕೆಂದು ಊರಿನ ಹಿರಿಯರ ಕಮಿಟಿಯವರು ಮಾತಾಡಿಕೊಂಡರು. ಹಳ್ಳದ ಆಚೆ ಈಚೆ ಹುಡುಕಿದರೆ ಮಿಲಿಟರಿಗೆ ಹೋಗಿ ಬಂದವನು ಒಬ್ಬನೇ, ಸಾವಕ್ಕನ ಅಜ್ಜ ಹವಾಲ್ದಾರ ಉಡಚಪ್ಪ. ಅವನು ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಸೈನ್ಯಕ್ಕಾಗಿ ಸೇತುವೆ ಕಟ್ಟುವ ಕೆಲಸ ಮಾಡಿದ್ದ. ತೀರಿಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ಆದರೆ ಕಮಿಟಿಯಲ್ಲಿ ಇನ್ನೊಂದು ಹೆಸರೂ ಓಡಾಡುತ್ತಿತ್ತು. ಪೇಟೆಯ ಅರಿವೆ ಅಂಗಡಿಯ ಯಜಮಾನರು ತಮ್ಮ ತಂದೆಯ ಹೆಸರಿಡಿರಿ ಎಂದು ಹಟ ಹಿಡಿದಿದ್ದರು. ಅವರ ಮಗ ರಮಾಕಾಂತ ಸಾವಕ್ಕನ ಕ್ಲಾಸಿನಲ್ಲೇ ಇದ್ದ. ಉಡಚಪ್ಪನ ಮನೆಯವರು ನಾಳೆಯೊಳಗೆ ಹೂಂ ಅನ್ನದಿದ್ದರೆ ಅಂಗಡಿಯವರ ಹೆಸರೇ ಗಟ್ಟಿ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಮಾಸ್ತರರೇ ಒಮ್ಮೆ ಕೆಲಗೇರಿಗೆ ಹೋಗಿ ಶೇವಂತೆವ್ವನನ್ನು ಕೇಳಬಹುದಿತ್ತು. ಅವರ ಬಳಿ ಸೈಕಲ್ ಇತ್ತು. ಈಗ ದಾರಿಯೂ ಸಪಾಟಾಗಿತ್ತು. ಆದರೆ ಸಾವಕ್ಕನ ಓಣಿಗೆ ಪೇಟೆಯ ದೊಡ್ಡವರು ಹೋಗುವ ರೂಢಿ ಇರಲಿಲ್ಲ. ಬಾಳಕೃಷ್ಣ ಮಾಸ್ತರರು ಕೆಟ್ಟವರೇನಲ್ಲ. ಮಕ್ಕಳಿಗೆ ಹೊಡೆಯುತ್ತಲೂ ಇರಲಿಲ್ಲ. ರೂಢಿ ಇರಲಿಲ್ಲ, ಅಷ್ಟೆ.

ಅದೆಲ್ಲ ಸಾವಕ್ಕನ ತಲೆಗೆ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಬರೀ ಅಜ್ಜನ ಹೆಸರಿತ್ತು. ಅಜ್ಜ ಬದುಕಿದ್ದಾಗ ಅವನನ್ನು ಹೆಸರು ಹಿಡಿದು ಕರೆದವರೇ ಕಡಿಮೆ. "ಏ ಮಿಲಿಟ್ರಿ" ಅನ್ನುತ್ತಿದ್ದರು. ಚಹಾದ ಅಂಗಡಿಯವನು ಅವನಿಗೆ ಹೊರಗಿನ ಕಟ್ಟೆಯ ಮೇಲೆ, ಬೇರೆಯೇ ಇಟ್ಟಿದ್ದ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದ. ಆಗಸ್ಟ್ ಹದಿನೈದಕ್ಕೆ ಅಜ್ಜ ಹಳೆಯ ಖಾಕಿ ಕೋಟು ಹಾಕಿಕೊಂಡು ಶಾಲೆಗೆ ಬಂದು, ಗೇಟಿನ ಹೊರಗೇ ನಿಂತು ಬಾವುಟಕ್ಕೆ ಸೆಲ್ಯೂಟ್ ಹೊಡೆದು ಹೋಗುತ್ತಿದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವನೂ ಬರಲಿಲ್ಲ.

ಗೆಳತಿ ನಿರುಪಮಾಳ ಮನೆಯ ಅಂಗಳಕ್ಕೆ ಸಾವಕ್ಕ ಹೋದಾಗಲೆಲ್ಲ ಅವರ ಅಜ್ಜಿ ಅಂಬಾಬಾಯಿ, ಇವಳು ಯಾರ ಪೈಕಿ ಎಂದು ಕೇಳುತ್ತಿದ್ದರು. ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಿದ್ದರು. ಇನ್ನು ಮೇಲೆ ಬ್ರಿಜ್ಜಿನ ಕಡೆ ಕೈ ಮಾಡಿ ತೋರಿಸಿದರೆ ಸಾಕು, ಮರೆಯುವುದಿಲ್ಲ ಎಂದು ಸಾವಕ್ಕ ಲೆಕ್ಕ ಹಾಕಿದಳು. ಇಡೀ ದಿನ ಅವಳಿಗೆ ಪಾಠ ಕೇಳಿಸಲೇ ಇಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಸೇತುವೆಯ ಹತ್ತಿರ ಕಾದು ಕುಳಿತಳು. ಆಯಿ ಪೇಟೆಯ ಕಡೆಯಿಂದ ಬಂದಳು. ಹುಲ್ಲು ಮಾರಿ ಬರಿದಾದ ಹಗ್ಗ ಹೆಗಲ ಮೇಲಿತ್ತು, ಕುಡುಗೋಲು ಸೊಂಟದಲ್ಲಿತ್ತು.

ಸಾವಕ್ಕನ ಅಪ್ಪ ಗಿರಿಯಪ್ಪ ಲೋಂಡಾದ ಕಡೆ ರೈಲ್ವೆ ಲೈನಿನ ಮೇಲೆ ಕೆಲಸ ಮಾಡುತ್ತಿದ್ದ. ಅವ್ವ ಮುತ್ತವ್ವನೂ ಅವನ ಸಂಗಡ ಅಲ್ಲೇ ಇದ್ದಳು. ಕಾಡಿನ ನಡುವೆ ಶಾಲೆ ಎಲ್ಲಿಂದ ಬರಬೇಕು? ಅದಕ್ಕೇ ಸಾವಕ್ಕ ಆಯಿಯ ಹತ್ತಿರ ಉಳಿದಿದ್ದಳು. ಆಯಿ ನಸುಕಿನಲ್ಲೆದ್ದು ಕೆಲಗೇರಿ ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಪೇಟೆಗೆ ಒಯ್ಯುತ್ತಿದ್ದಳು. ಟಾಂಗಾದವರು ಕುದುರೆಗೆ, ಗವಳಿಗರು ಎಮ್ಮೆಗೆ ಕೊಳ್ಳುತ್ತಿದ್ದರು. ಸೇತುವೆ ಆಗುವ ಮುಂಚೆ ದಿನಾಲೂ ಹಳ್ಳದ ನೀರಿನಲ್ಲೇ ದಾಟಬೇಕಾಗಿತ್ತು. ಮಳೆಗಾಲದಲ್ಲಿ ನೀರು ತೊಡೆಯ ಮಟ ಬರುತ್ತಿತ್ತು. ಕೆಳಗೆ ಪಾಚಿಗಟ್ಟಿದ ಕಲ್ಲು. ಆಯಿ ಎಷ್ಟೋ ಸಲ ಹೊರೆಯ ಸಮೇತ ಬಿದ್ದಿದ್ದಳು. ಅವಳ ಮೊಣಕಾಲು ಕೆಟ್ಟದ್ದು ಹಾಗೆಯೇ.

ಅಜ್ಜನಿಗೆ ಅದೊಂದೇ ಸಂಕಟವಾಗಿತ್ತು. ಪಿಂಚಣಿ ತರಲು ಹೋದಾಗಲೆಲ್ಲ ಕಚೇರಿಗೆ ಹೋಗಿ ಸೇತುವೆ ಬೇಕೆಂದು ಕೇಳಿಕೊಂಡು ಬರುತ್ತಿದ್ದ. ಒಮ್ಮೆ ಸಾವಕ್ಕನೂ ಜೊತೆಗೆ ಹೋಗಿದ್ದಳು. ಅಜ್ಜ ಮೇಜಿನ ಮುಂದೆ ನೆಟ್ಟಗೆ ನಿಂತು ಹೇಳಿದ ಮಾತು ಅವಳಿಗೆ ನೆನಪಿತ್ತು. "ಸಾಹೇಬ್ರ, ಗುರುತಿಲ್ಲದ ಮಂದಿ ಸಲುವಾಗಿ ಬರ್ಮಾದಾಗ ಪೂಲು ಕಟ್ಟೇನ್ರಿ. ನನ್ನ ಹೇಣ್ತಿ ಮಾತ್ರ ಇನ್ನೂ ನೀರಾಗ ಹೊರಿ ಹೊತ್ತು ಹಾಯಾಕತ್ತಾಳ್ರಿ." ಸಾಹೇಬರು ನಕ್ಕು, ನೋಡೋಣ ಎಂದಿದ್ದರು. ನೋಡುವುದರೊಳಗೆ ಅಜ್ಜ ಹೋಗಿಬಿಟ್ಟ.

ಈಗ ಸೇತುವೆ ಆಗಿತ್ತು. ರಿಬ್ಬನ್ ಕತ್ತರಿಸುವುದೊಂದು ಬಾಕಿ. ಆದರೂ ಮಂದಿ ಆಗಲೇ ಅದರ ಮೇಲೆ ಅಡ್ಡಾಡುತ್ತಿದ್ದರು. ಆಯಿಯೂ ಅಡ್ಡಾಡುತ್ತಿದ್ದಳು. ಮೊದಲನೆಯ ದಿನ ದಾಟಿ ಬಂದಾಗ ಅವಳು ಸೀರೆಯ ಅಂಚು ಎತ್ತಿ ತನ್ನ ಪಾದಗಳನ್ನು ತಾನೇ ನೋಡಿಕೊಂಡು, "ಕಾಲು ಹಸೀನ ಆಗಲಿಲ್ಲ ನೋಡ ಸಾವಿ," ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಿದ್ದಳು.

ಈಗಲೂ ಅವಳು ಸೇತುವೆಯ ಮೋಟುಗೋಡೆಯ ಮೇಲೆ ಕೈಯಾಡಿಸುತ್ತ ಬಂದಳು. ಸಾವಕ್ಕ ಉಸಿರು ಬಿಡದೆ ಎಲ್ಲ ಹೇಳಿದಳು. ಕಮಿಟಿ, ಕಲ್ಲು, ಅಜ್ಜನ ಹೆಸರು, ಜನವರಿ ಇಪ್ಪತ್ತಾರಕ್ಕೆ ಬ್ಯಾಂಡು, ದೊಡ್ಡ ಸಾಹೇಬರು. ಆಯಿ ಖುಷಿಯಿಂದ ಅಳುತ್ತಾಳೆ ಎಂದುಕೊಂಡಿದ್ದಳು.

ಆಯಿ ನಿಂತುಬಿಟ್ಟಳು. ಗೋಡೆಯ ಮೇಲಿನ ಕೈ ತೆಗೆದಳು.

"ಬ್ಯಾಡ ಅಂತ ಹೇಳು," ಎಂದಳು.

"ಯಾಕ ಆಯಿ?"

"ಪೂಲಿಗೆ ಅವರ ಹೆಸರಿಟ್ರ ನಾ ಅದರ ಮ್ಯಾಲೆ ಹೆಂಗ ಕಾಲಿಡ್ಲಿ?"

ಸಾವಕ್ಕನಿಗೆ ನಗು ಬಂತು. ಹೆಸರಿನ ಕಲ್ಲು ಪಕ್ಕದ ಗೋಡೆಯಲ್ಲಿ ಕೂರುತ್ತದೆ, ಯಾರೂ ಅದರ ಮೇಲೆ ಕಾಲಿಡುವುದಿಲ್ಲ ಎಂದು ತಿಳಿಸಿ ಹೇಳಿದಳು. ಆಯಿ ತಲೆ ಅಲ್ಲಾಡಿಸಿದಳು.

"ಹೆಸರು ಕಲ್ಲಿಗಿಡೂದಿಲ್ಲ ನನ್ನವ್ವ, ಪೂಲಿಗಿಡತಾರ. ನಿನಗ ಹೆಸರಿಟ್ರು. ಅದನ್ನ ನಿನ್ನ ಕಿವಿಗಷ್ಟ ಇಟ್ರೇನು?"

ಆಯಿಯ ರೀತಿ ಸಾವಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆಯಿ ಗಂಡನ ಹೆಸರು ಬಾಯಿಂದ ತೆಗೆಯುತ್ತಿರಲಿಲ್ಲ. ಸಣ್ಣವಳಿದ್ದಾಗ ಸಾವಕ್ಕ, "ಅಜ್ಜನ ಹೆಸರೇನು ಹೇಳು," ಎಂದು ಬೆನ್ನು ಹತ್ತಿ ಕಾಡಿದರೆ, "ನಿಮ್ಮಪ್ಪನ ಅಪ್ಪ" ಎಂದು ಹೇಳಿ ಓಡಿಸುತ್ತಿದ್ದಳು. ಅಜ್ಜನ ಕೋಲಿಗೆ ತಪ್ಪಿ ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಜ್ಜ ಸತ್ತ ಮೇಲೂ ಅವನ ಟ್ರಂಕನ್ನು ದಾಟಿ ಹೋದವಳಲ್ಲ, ಸುತ್ತು ಹಾಕಿ ಹೋಗುವವಳು.

"ಸಾಲಿ ಖೋಲಿಗೆ ಇಡ್ಲಿ. ಗೇಟಿಗೆ ಇಡ್ಲಿ. ಒಂದು ಗಿಡಾ ಹಚ್ಚಿ ಅದಕ್ಕ ಇಡ್ಲಿ. ತಲಿ ಮ್ಯಾಲೆ ಇರೂ ಅಂಥಾದಕ್ಕ ಯಾವದಕ್ಕರ ಇಡ್ಲಿ. ಪೂಲಿಗೆ ಬ್ಯಾಡ ಅಂತ ಸರಗ ಕೈಮುಗದು ಹೇಳು," ಎಂದು ಆಯಿ ನಡೆಯತೊಡಗಿದಳು.

ಮರುದಿನ ಸಾವಕ್ಕ ಶಾಲೆಗೆ ಹೋದದ್ದು ಸುಳ್ಳು ಹೇಳಬೇಕೆಂದಲ್ಲ. ಇದನ್ನು ಆಣೆ ಮಾಡಿ ಹೇಳಬಹುದು. ಆಯಿ ಹೇಳಿದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಲೇ ಹೋಗಿದ್ದಳು. ಆದರೆ ಮಾಸ್ತರರು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದರು. ನಿರುಪಮಾ ಅವಳನ್ನು ನೋಡಿ ಕಣ್ಣರಳಿಸಿದಳು. ರಮಾಕಾಂತ ಬೆಂಚಿನ ಮೇಲೆ ಬೆರಳಿನಿಂದ ತನ್ನ ಅಜ್ಜನ ಹೆಸರು ಬರೆಯುತ್ತಿದ್ದ, ಅವಳಿಗೆ ಕಾಣುವ ಹಾಗೆ.

"ಏನಂದಳವಾ ನಿಮ್ಮ ಆಯಿ?"

"ಹೂಂ ಅಂದಳ್ರಿ ಸರ."

ಮಾತು ಹೊರಗೆ ಬಿದ್ದ ಮೇಲೆ ಅದು ತನ್ನದೇ ಮಾತು ಎಂದು ಸಾವಕ್ಕನಿಗೆ ಗೊತ್ತಾಯಿತು. ಮಾಸ್ತರರು, "ಶಾಬಾಸ್," ಎಂದರು. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೊಳಗೆ ಹಿಂದೆ ಸರಿಯಲು ಜಾಗವೇ ಇರಲಿಲ್ಲ. ಆಯಿಗೆ ಏನು, ನಾಲ್ಕು ದಿನ ಮುಖ ಉಬ್ಬಿಸಿಕೊಂಡಾಳು, ಆಮೇಲೆ ಹೊಂದಿಕೊಂಡಾಳು. ಓಣಿಗೆ ಕರೆಂಟು ಬಂದಾಗಲೂ ಹೀಗೇ ಹೆದರಿ ದೂರ ನಿಂತಿದ್ದಳಲ್ಲ. ಹೀಗೆಂದು ಸಾವಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಕಮಿಟಿಯವರು ಅಜ್ಜನ ಹೆಸರನ್ನೇ ಠರಾವು ಮಾಡಿದ್ದಾರೆ ಎಂದು ಮನೆಯಲ್ಲಿ ಹೇಳಿದಾಗ ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ನಾ ಬ್ಯಾಡ ಅಂದದ್ದು ಹೇಳಿದಿಲ್ಲೋ?"

"ಹೂಂ," ಎಂದಳು ಸಾವಕ್ಕ, ಗೋಡೆ ನೋಡುತ್ತ.

ಆಯಿ ರೊಟ್ಟಿಯನ್ನು ತವೆಯ ಮೇಲೆ ಹಾಕಿದಳು. "ದೊಡ್ಡವರು. ನಮ್ಮಂಥವರ ಮಾತು ಅವರಿಗೆ ಹೆಂಗ ಕೇಳಸೀತು," ಎಂದಳು. ಸಿಟ್ಟಿನಿಂದಲ್ಲ, ಮೊದಲೇ ಗೊತ್ತಿದ್ದವರು ಹೇಳುವ ಹಾಗೆ.

ಜನವರಿ ಇಪ್ಪತ್ತಾರು ಬಂತು. ಸೇತುವೆಯ ಎರಡೂ ತುದಿಗೆ ಮಾವಿನ ತೋರಣ ಕಟ್ಟಿದ್ದರು. ಬ್ಯಾಂಡಿನವರು ಬಂದಿದ್ದರು. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಪರದೆ ಸರಿಸಿದರು. ಕರಿಯ ಕಲ್ಲಿನ ಮೇಲೆ ಬಿಳಿಯ ಅಕ್ಷರದಲ್ಲಿ "ಹವಾಲ್ದಾರ ಉಡಚಪ್ಪ ಸೇತುವೆ" ಎಂದಿತ್ತು. ಸಾವಕ್ಕನ ಎದೆ ಉಬ್ಬಿತು. ಅಪ್ಪನೂ ಅವ್ವನೂ ಲೋಂಡಾದಿಂದ ಬಂದಿದ್ದರು. ಅಪ್ಪ ಕಲ್ಲನ್ನು ಮುಟ್ಟಿ ನೋಡಿ ಕಣ್ಣು ಒರೆಸಿಕೊಂಡ. ಚಹಾದ ಅಂಗಡಿಯವನೂ ಬಂದು ಕೈಮುಗಿದು ನಿಂತಿದ್ದ. ಭಾಷಣ ಮಾಡಿದವರೆಲ್ಲ ಅಜ್ಜನ ಹೆಸರನ್ನು ಬಾಯಿ ತುಂಬ ಹೇಳಿದರು.

ಆಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದ್ದರು. ಅವಳು ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕುಳಿತಿದ್ದಳು. ಭಾಷಣ ಮುಗಿದ ಮೇಲೆ ದೊಡ್ಡ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ವೀರ ಸೈನಿಕನ ಧರ್ಮಪತ್ನಿಯೇ ಎಲ್ಲರಿಗಿಂತ ಮೊದಲು ಸೇತುವೆ ದಾಟಲಿ, ನಾವು ಹಿಂದೆ ಬರೋಣ ಎಂದರು. ಮಂದಿ ಚಪ್ಪಾಳೆ ಹೊಡೆದರು.

ಆಯಿ ಎದ್ದಳು. ಸೇತುವೆಯ ತುದಿಯವರೆಗೆ ಹೋದಳು. ಚಪ್ಪಲಿ ಬಿಟ್ಟಳು. ಕಲ್ಲಿನ ಮುಂದೆ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಸಾಹೇಬರ ಕಡೆ ತಿರುಗಿ, "ಮೊಣಕಾಲು ಹಿಡದಾವ್ರಿ. ನೀವು ನಡೀರಿ," ಎಂದಳು.

ಪಾಪ, ವಯಸ್ಸಾಗಿದೆ ಎಂದು ಎಲ್ಲರೂ ಒಪ್ಪಿಕೊಂಡರು. ಬ್ಯಾಂಡು ಶುರುವಾಯಿತು. ಸಾಹೇಬರು, ಕಮಿಟಿಯವರು, ಮಾಸ್ತರರು, ಮಕ್ಕಳು ಎಲ್ಲ ಸೇತುವೆಯ ಮೇಲೆ ಹೊರಟರು. ಸಾವಕ್ಕ ತಿರುಗಿ ನೋಡಿದಳು. ಆಯಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೂಟು, ಚಪ್ಪಲಿ, ಬರಿಗಾಲು, ಹೋಗುತ್ತಿದ್ದ ಎಲ್ಲರ ಕಾಲುಗಳನ್ನು ನೋಡುತ್ತಿದ್ದಳು.

ಮಂದಿ ಚದುರಿದ ಮೇಲೆ ಮನೆಗೆ ಹೊರಟರು. ಸೇತುವೆಯ ಪಕ್ಕದಲ್ಲಿ ಹಳೆಯ ಕಾಲುದಾರಿ ಹಳ್ಳಕ್ಕೆ ಇಳಿದಿತ್ತು. ಆಯಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ಹಿಡಿದಳು. ಅಪ್ಪ ಕೂಗಿ ಕರೆದ. ಆಯಿ ತಿರುಗಲಿಲ್ಲ. "ನೀವು ಹಂಗ ಬರ್ರಿ. ನಾ ಹಿಂಗ ಬರ್ತೇನಿ," ಎಂದಳು. ಹಳ್ಳದ ನೀರು ಆಗ ಹಿಮ್ಮಡಿಯಷ್ಟಿತ್ತು, ತಣ್ಣಗಿತ್ತು. ಅಪ್ಪ ಮುದುಕಿಯ ಹಟ ಎಂದು ಗೊಣಗಿ, ಎರಡು ದಿನ ಇದ್ದು ಅವ್ವನನ್ನು ಕರೆದುಕೊಂಡು ಲೋಂಡಾಕ್ಕೆ ಹೋದ.

ನಾಲ್ಕು ದಿನವಾಯಿತು, ನಲವತ್ತು ದಿನವೂ ಆಯಿತು. ಆಯಿ ಹೊಂದಿಕೊಳ್ಳಲಿಲ್ಲ. ಹೊರೆ ಹೊತ್ತು ದಿನಾ ಹಳ್ಳದಲ್ಲೇ ಹಾಯ್ದಳು.

ಸಾವಕ್ಕ ಒಂದು ಉಪಾಯ ಹುಡುಕಿದಳು. ಟಾಂಗಾದ ಇಮಾಮಹುಸೇನ ಕಾಕಾ ಆಯಿಯ ಹತ್ತಿರವೇ ಹುಲ್ಲು ಕೊಳ್ಳುವವನು. ಅಜ್ಜನಿಗೂ ಸ್ನೇಹಿತ. ದಿನಾ ಮುಂಜಾನೆ ಹೊರೆಯನ್ನೂ ಆಯಿಯನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಸೇತುವೆ ದಾಟಿಸಬೇಕೆಂದು ಅವನನ್ನು ಒಪ್ಪಿಸಿದಳು. ಆಯಿಯ ಕಾಲು ಸೇತುವೆಗೆ ತಾಗುವುದೇ ಇಲ್ಲವಲ್ಲ. ಎಂಥ ಬುದ್ಧಿವಂತಿಕೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಇಮಾಮಹುಸೇನ ಕಾಕಾ ನಿಜವಾಗಿಯೂ ಟಾಂಗಾ ತಂದು ಹಳ್ಳದ ಈಚೆ ನಿಲ್ಲಿಸಿದ. "ಬಾರವಾ ಶೇವಂತೆವ್ವಾ. ನೀ ಕಾಲಿಡಬ್ಯಾಡ, ನನ್ನ ಕುದುರಿ ಇಡತೈತಿ," ಎಂದ.

"ಹಂಗಾರ ಅವರ ಎದಿ ಮ್ಯಾಲೆ ಕುದುರಿ ಹೊಡಸ್ಕೊಂಡು ಹೋಗ್ಲೇನೋ ಇಮಾಮಹುಸೇನಾ?" ಎಂದಳು ಆಯಿ.

ಕಾಕಾ ಟಾಂಗಾದಿಂದ ಇಳಿದು, ಲಗಾಮು ಹಿಡಿದು, ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಸೇತುವೆ ದಾಟಿದ. ಆಯಿ ಅವನ ಪಕ್ಕದಲ್ಲೇ, ಕೆಳಗೆ, ನೀರಿನಲ್ಲಿ ನಡೆದಳು.

ಬೇಸಿಗೆಯಲ್ಲಿ ಹಳ್ಳ ಒಣಗಿ ಬರೀ ಉಸುಕು ಉಳಿಯಿತು. ಅದರಲ್ಲಿ ಹೋದರೇನು, ಮೇಲೆ ಹೋದರೇನು? ಸಾವಕ್ಕ ಆ ಮಾತನ್ನು ಮರೆತೇಬಿಟ್ಟಳು. ಪಾಸಾಗಿ ಐದನೇ ಇಯತ್ತೆಗೆ ಬಂದಳು.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿತು, ಹಳ್ಳಕ್ಕೆ ಕೆಂಪು ನೀರು ಬಂತು. ಒಂದು ಮುಂಜಾನೆ ಆಯಿ ನಡುನೀರಿನಲ್ಲಿ ಜಾರಿದಳು. ಹುಲ್ಲಿನ ಹೊರೆ ತೇಲಿಕೊಂಡು ಹೋಯಿತು. ಹೇಗೋ ದಂಡೆ ಹಿಡಿದು ಮನೆಗೆ ಬಂದಳು. ಮೊಣಕಾಲು ಊದಿಕೊಂಡಿತ್ತು. ಸಾವಕ್ಕ ಬಿಸಿನೀರಿನ ಶಾಖ ಕೊಡುತ್ತಿದ್ದಾಗ ಆಯಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಆ ಮುಖ ನೋಡಿ ಸಾವಕ್ಕನಿಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಅತ್ತಳು.

ಮರುದಿನ ಅವಳು ಬಾಳಕೃಷ್ಣ ಮಾಸ್ತರರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಎಂದೂ ಹೊಡೆಯದವರು ಇವತ್ತು ಹೊಡೆಯುತ್ತಾರೆ ಎಂದುಕೊಂಡಿದ್ದಳು. ಹೊಡೆದಿದ್ದರೆ ಚೆನ್ನಾಗಿತ್ತು. ಮಾಸ್ತರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನಾನಽ ಬಂದು ಕೇಳಬೇಕಾಗಿತ್ತು," ಎಂದರು.

ಅಂದು ಸಂಜೆ ಅವರು ಸೈಕಲ್ ತಗೊಂಡು ಸಾವಕ್ಕನ ಓಣಿಗೆ ಬಂದರು. ಓಣಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಮಾಸ್ತರರು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಆಯಿ ನೀರು ಕೊಡಲೋ ಬೇಡವೋ ಎಂದು ಚರಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಅವರು ಕೇಳಲಿಲ್ಲ, ಅವಳು ಕೊಡಲಿಲ್ಲ.

"ಶೇವಂತೆವ್ವಾ, ನೀವು ಹೂಂ ಅಂದೀರಿ ಅಂತ ನಾ ತಿಳಕೊಂಡಿದ್ದೆ," ಎಂದರು ಮಾಸ್ತರರು.

ಆಯಿ ಸಾವಕ್ಕನ ಕಡೆ ನೋಡಿದಳು. ಒಂದೇ ಸಲ.

ಮಾಸ್ತರರು ಬಹಳ ತಿಳಿಸಿ ಹೇಳಿದರು. ದೇಶದಲ್ಲಿ ಎಷ್ಟೋ ರಸ್ತೆಗಳಿಗೆ ದೊಡ್ಡವರ ಹೆಸರುಗಳಿವೆ, ಅದರಿಂದ ಅವರಿಗೆ ಅವಮಾನವಿಲ್ಲ, ಗೌರವವೇ ಎಂದರು. ಆಯಿ ಪ್ರತಿ ಮಾತಿಗೂ, ಹೌದ್ರಿ ಎಂದಳು. ಕಡೆಗೆ ಮಾಸ್ತರರು, ಹಾಗಾದರೆ ಕಮಿಟಿಗೆ ಹೇಳಿ ಹೆಸರು ತೆಗೆಸಲೇ ಎಂದು ಕೇಳಿದರು.

"ಬ್ಯಾಡ್ರಿ. ಇಡೂಕಿಂತ ಮೊದಲ ಬ್ಯಾಡ ಅಂದಿದ್ದೆ. ಇಟ್ಟಾದ ಮ್ಯಾಲೆ ಅಳಿಸಿದ್ರ ಮಂದಿ ಏನಂದಾರ? ಏನೋ ತಪ್ಪು ಮಾಡಿದ್ದ, ಅದಕ್ಕ ಅಳಿಸಿದ್ರು ಅಂದಾರು. ಅದು ಹಂಗಽ ಇರ್ಲಿ. ನನ್ನ ದಾರಿ ನನಗ ರೂಢಿ ಐತಿ," ಎಂದಳು ಆಯಿ.

ಮಾಸ್ತರರು ಎದ್ದು ನಿಂತು, ಸೈಕಲ್ ತಳ್ಳಿಕೊಂಡು ಹೋದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಆಯಿ ಚರಿಗೆಯನ್ನು ಒಳಗಿಟ್ಟಳು. ಸಾವಕ್ಕ ಅವಳ ಸೆರಗು ಹಿಡಿದು, "ತಪ್ಪಾತು ಆಯಿ," ಎಂದಳು. ಆಯಿ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅವರು ನನ್ನ ಮಾತು ಕೇಳಲಿಲ್ಲ ಅಂತ ತಿಳದಿದ್ದೆ. ಅವರಿಗೆ ನನ್ನ ಮಾತು ಮುಟ್ಟೇ ಇಲ್ಲ," ಎಂದಳು. "ಎಂದೂ ಯಾರೂ ನನ್ನ ಏನೂ ಕೇಳಿದವರಲ್ಲ ಸಾವಿ. ಇದೊಂದು ಸಲ ಕೇಳಿದ್ರು. ಅದಕ್ಕ ನೀ ಉತ್ತರಾ ಕೊಟ್ಟಿ."

ಬೈದಿದ್ದರೆ ಸಾವಕ್ಕ ತಿರುಗಿ ಅತ್ತು ಹಗುರಾಗುತ್ತಿದ್ದಳು. ಆಯಿ ಬೈಯಲಿಲ್ಲ. ಊಟಕ್ಕೆ ಬಡಿಸಿದಳು, ತಲೆ ಬಾಚಿದಳು, ಮಾತು ಮಾತ್ರ ಕಡಿಮೆ ಮಾಡಿದಳು. ಮನೆಯಲ್ಲಿದ್ದವರು ಇಬ್ಬರೇ. ಒಬ್ಬರು ಮಾತು ಬಿಟ್ಟರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಆ ದಿನಗಳಲ್ಲಿ ಸಾವಕ್ಕನಿಗೆ ತಿಳಿಯಿತು.

ಮೊಣಕಾಲಿನ ಬಾವು ಇಳಿದ ಮೇಲೆ ಆಯಿ ಮತ್ತೆ ಹುಲ್ಲಿಗೆ ಹೋದಳು.

ಅವತ್ತು ಜಿಟಿಜಿಟಿ ಮಳೆ. ಸಾವಕ್ಕ ಗೋಣಿಚೀಲದ ಕೊಪ್ಪೆ ಹೊದ್ದು ಶಾಲೆಗೆ ಹೊರಟಿದ್ದಳು. ಸೇತುವೆಯ ಮೇಲೆ ನಿರುಪಮಾ ಕಾಯುತ್ತ ನಿಂತಿದ್ದಳು. ಜೊತೆಗೆ ಅಂಬಾಬಾಯಿ ಕೊಡೆ ಹಿಡಿದು ನಿಂತಿದ್ದರು. ತುಂಬಿದ ಕೆರೆ ನೋಡಲು ಅಜ್ಜಿ ಮೊಮ್ಮಗಳು ಬಂದಿದ್ದರಂತೆ. ನಿರುಪಮಾ ಅಜ್ಜಿಗೆ ಕಲ್ಲು ತೋರಿಸಿ, "ನೋಡಜ್ಜಿ, ಇದು ಸಾವಕ್ಕನ ಅಜ್ಜನ ಹೆಸರು," ಎಂದಳು. ಅಂಬಾಬಾಯಿ ಕಣ್ಣು ಕಿರಿದು ಮಾಡಿ ಕಲ್ಲಿನ ಮೇಲಿನದನ್ನು ಓದಿದರು. ಆಮೇಲೆ ಸಾವಕ್ಕನನ್ನು ನೋಡಿ, "ಓ, ನೀ ಹವಾಲ್ದಾರನ ಮೊಮ್ಮಗಳೇನು?" ಎಂದರು.

ಈ ಮಾತು ಕೇಳಬೇಕೆಂದು ಸಾವಕ್ಕ ಎಷ್ಟು ಆಸೆ ಪಟ್ಟಿದ್ದಳು! ಈಗ ಅವಳು ಹೂಂ ಎಂದಳು, ಅಷ್ಟೆ. ಅವಳ ಕಣ್ಣು ಕೆಳಗಿತ್ತು.

ಕೆಳಗೆ ಆಯಿ ಹೊರೆ ಹೊತ್ತು ಹಳ್ಳಕ್ಕೆ ಇಳಿಯುತ್ತಿದ್ದಳು. ನೀರು ಮೊಣಕಾಲಿಗೆ ಬಂತು, ಮೇಲೇರಿತು. ಒಂದು ಕೈಯಿಂದ ಹೊರೆ ಹಿಡಿದಿದ್ದಳು. ಇನ್ನೊಂದು ಕೈಯನ್ನು ಸೇತುವೆಯ ಕಲ್ಲಿನ ಕಂಬಕ್ಕೆ ಊರಿ, ಕಾಲಿನಿಂದ ನೆಲ ಹುಡುಕುತ್ತ ನಿಂತಿದ್ದಳು. ಸೇತುವೆಯ ಮೇಲೆ ಊರೆಲ್ಲ ಹೋಗುತ್ತಿತ್ತು. ಸೈಕಲ್ಲಿನವರು, ಹಾಲಿನವರು, ಕೊಡೆ ಹಿಡಿದ ಗುಮಾಸ್ತರು. ಅಜ್ಜ ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದು ಇವರಿಗಾಗಿ ಅಲ್ಲ. ನೀರಿನಲ್ಲಿ ತಡಕಾಡುತ್ತಿದ್ದ ಆ ಎರಡು ಕಾಲುಗಳಿಗಾಗಿ. ಊರಲ್ಲಿ ಅವೆರಡಕ್ಕೆ ಮಾತ್ರ ಸೇತುವೆ ಇರಲಿಲ್ಲ.

ಸಾವಕ್ಕ ಪಾಟಿಚೀಲವನ್ನು ನಿರುಪಮಾಳ ಕೈಗೆ ಕೊಟ್ಟಳು. ಹಳೆಯ ಕಾಲುದಾರಿಯಲ್ಲಿ ಇಳಿದು ನೀರಿಗೆ ಕಾಲಿಟ್ಟಳು. ನೀರು ಅವಳ ಸೊಂಟದ ಹತ್ತಿರ ಬಂತು. ಅವಳು ಕಂಬ ಹಿಡಿದು ಆಯಿಯ ಮುಂದೆ ಹೋಗಿ ನಿಂತಳು.

"ಸಾಲಿಗೆ ತಡಾ ಆಗತೈತಿ," ಎಂದಳು ಆಯಿ. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು ಅದು.

"ಆಗ್ಲಿ," ಎಂದಳು ಸಾವಕ್ಕ.

ಮೇಲಿನಿಂದ ಯಾರೋ ಬಗ್ಗಿ ನೋಡಿ, ಬ್ರಿಜ್ ಇರುವಾಗ ನೀರಲ್ಲಿ ಯಾಕೆ ಹೋಗುತ್ತೀರಿ ಎಂದು ಕೇಳಿದರು. ಸಾವಕ್ಕ ತಲೆ ಎತ್ತಲಿಲ್ಲ. ಹೆಬ್ಬೆರಳಿನಿಂದ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒಂದು ಅಲುಗಾಡಿತು. ಇನ್ನೊಂದು ಜಾರಿತು. ಮುಂದಿನದು ಗಟ್ಟಿಯಾಗಿತ್ತು. ಅವಳು ಅದರ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಇಲ್ಲಿ ಕಾಲಿಡು ಆಯಿ."

ಆಯಿ ಕಂಬದ ಮೇಲಿನ ಕೈ ತೆಗೆದು ಸಾವಕ್ಕನ ಹೆಗಲ ಮೇಲೆ ಇಟ್ಟಳು. ಆಮೇಲೆ ಕಾಲು ಮುಂದಿಟ್ಟಳು.